ದಿನಾ ನಡೆಯುವ ಅಭ್ಯಾಸ: ಬಳಕೆದಾರರ ಕೈಪಿಡಿ

ಈ ಅಭ್ಯಾಸವನ್ನು ಮನೆಗೆ ತಂದುಕೊಂಡದ್ದಕ್ಕೆ ಅಭಿನಂದನೆಗಳು. ಉಪಯೋಗಿಸುವ ಮುನ್ನ ಕೈಪಿಡಿಯನ್ನು ಪೂರ್ತಿ ಓದತಕ್ಕದ್ದು. ನೀವು ಓದುವುದಿಲ್ಲ ಎಂಬುದು ನಮಗೆ ಗೊತ್ತು. ನಿಮ್ಮ ಮನೆಯ ಮಿಕ್ಸಿಯ ಕೈಪಿಡಿ ಇನ್ನೂ ಪ್ಲಾಸ್ಟಿಕ್ ಕವರಿನಲ್ಲೇ ಮಡಿಯಾಗಿ ಕೂತಿದೆ, ಜಾರ್ ಮಾತ್ರ ಎರಡು ಸಲ ಬದಲಾಗಿದೆ. ಹಾಗಾಗಿ ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇವೆ: ಇದು ಮನೋಬಲದಿಂದ ಓಡುವ ಯಂತ್ರವಲ್ಲ. ಯುಗಾದಿಯ ದಿನ ಬೇವು ಬೆಲ್ಲ ಬಾಯಲ್ಲಿರುವಾಗ ಉಕ್ಕಿ ಬರುವ ಆ ಮನೋಬಲವನ್ನು ಇದಕ್ಕೆ ತುಂಬಿಸಬೇಡಿ. ಹೋಳಿಗೆ ಜೀರ್ಣವಾಗುವಷ್ಟರಲ್ಲಿ ಅದು ಖಾಲಿ.

ಪೆಟ್ಟಿಗೆಯಲ್ಲಿ ಏನಿದೆ

ಏನೂ ಇಲ್ಲ. ಶೂ, ಟ್ರ್ಯಾಕ್ ಪ್ಯಾಂಟು, ಹೆಜ್ಜೆ ಎಣಿಸುವ ವಾಚು, ಇವು ಯಾವುವೂ ಅಭ್ಯಾಸದ ಬಿಡಿಭಾಗಗಳಲ್ಲ. ಕೊಳ್ಳುವುದಾದರೆ ತಡವಾಗಿ ಕೊಳ್ಳಿ. ಶೂ ತಂದ ಸಂಜೆಯೇ ಮೂರು ಮೈಲಿ ನಡೆದು ಬಂದಷ್ಟು ಸಮಾಧಾನವಾಗಿಬಿಡುತ್ತದೆ. ಆ ಸಮಾಧಾನ ಕರಗುವ ಹೊತ್ತಿಗೆ ಶೂ ಮಂಚದ ಕೆಳಗೆ ಸೇರಿರುತ್ತದೆ.

ವಾಚನ್ನು ಕೊಂಡೇ ಬಿಟ್ಟಿದ್ದರೆ, ಅದು ಕೇಳುವ 10,000 ಹೆಜ್ಜೆಗೆ ಹೆದರಬೇಡಿ. ಅದು ಯಾವ ವೈದ್ಯರೂ ನಾಡಿ ಹಿಡಿದು ಹೇಳಿದ ಲೆಕ್ಕವಲ್ಲ. ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನ ಯಾಮಾಸಾ ಕಂಪನಿ ಹೆಜ್ಜೆ ಎಣಿಸುವ ಪುಟ್ಟ ಯಂತ್ರವೊಂದನ್ನು ಮಾರುಕಟ್ಟೆಗೆ ಬಿಟ್ಟು, ಹತ್ತು ಸಾವಿರ ಹೆಜ್ಜೆಯ ಮಾಪಕ ಎಂದು ಹೆಸರಿಟ್ಟಿತು. ದುಂಡು ಸಂಖ್ಯೆ, ಬಾಯಲ್ಲಿ ನಿಂತಿತು, ಈಗ ನಿಮ್ಮ ಮಣಿಕಟ್ಟಿನ ಮೇಲೆ ಕೂತು ಗದರುತ್ತಿದೆ. 2019ರಲ್ಲಿ ಐ-ಮಿನ್ ಲೀ ಮತ್ತು ಸಂಗಡಿಗರು ಅಮೆರಿಕದ ಹಿರಿಯ ಮಹಿಳೆಯರ ಲೆಕ್ಕ ತೆಗೆದರು. ದಿನಕ್ಕೆ ಸುಮಾರು 2,700 ಹೆಜ್ಜೆ ಹಾಕುವವರಿಗಿಂತ 4,400 ಹೆಜ್ಜೆ ಹಾಕುವವರಲ್ಲಿ ಸಾವಿನ ಪ್ರಮಾಣ ಎದ್ದು ಕಾಣುವಷ್ಟು ಕಡಿಮೆಯಿತ್ತು. 7,500ರ ಆಸುಪಾಸಿನ ನಂತರ ಹೆಚ್ಚಿನ ಲಾಭವೇನೂ ಕಾಣಲಿಲ್ಲ.

ಜೋಡಣೆ

ಅಭ್ಯಾಸ ಗಾಳಿಯಲ್ಲಿ ನಿಲ್ಲುವುದಿಲ್ಲ, ನೇತುಹಾಕಲು ಒಂದು ಮೊಳೆ ಬೇಕು. ‘ನಾಳೆಯಿಂದ ಬೆಳಿಗ್ಗೆ ಐದಕ್ಕೆ ಏಳುತ್ತೇನೆ’ ಎಂಬುದು ಮೊಳೆಯಲ್ಲ, ಅದಕ್ಕೇ ಇನ್ನೊಂದು ಮೊಳೆ ಬೇಕು. ನೀವು ಯೋಚಿಸದೆಯೇ ದಿನಾ ನಡೆದುಹೋಗುವ ಯಾವುದಾದರೂ ಕೆಲಸವನ್ನು ಹುಡುಕಿ. ಸಂಜೆ ಕಾಫಿ ಕುಡಿಯದೆ ನೀವು ಒಂದು ದಿನವೂ ಇದ್ದದ್ದಿಲ್ಲ. ಆ ಲೋಟವನ್ನು ಸಿಂಕಿಗೆ ಹಾಕುವುದೇ ನಿಮ್ಮ ಮೊಳೆ. ಲೋಟ ಟಣ್ ಎಂದ ಕೂಡಲೇ ಕಾಲು ಚಪ್ಪಲಿಗೆ ಹೋಗಬೇಕು. ನಡುವೆ ಸೋಫಾ ಇದ್ದರೆ ಸುತ್ತುಹಾಕಿ ಹೋಗಿ. ‘ಇಂಥದ್ದಾದ ಕೂಡಲೇ ಇಂಥದ್ದು ಮಾಡುತ್ತೇನೆ’ ಎಂದು ಮೊದಲೇ ಗೊತ್ತುಮಾಡಿಕೊಂಡವರು, ಸುಮ್ಮನೆ ಮಾಡಬೇಕು ಎಂದುಕೊಂಡವರಿಗಿಂತ ಹೆಚ್ಚು ಸಲ ಮಾಡಿ ಮುಗಿಸುತ್ತಾರೆ ಎಂದು ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಸರ್ 1999ರಲ್ಲೇ ಬರೆದಿದ್ದಾರೆ. ನಮ್ಮ ಅಜ್ಜಿಯಂದಿರು ದೀಪ ಹಚ್ಚಿದ ಮೇಲೆಯೇ ಜಪಮಣಿ ಕೈಗೆತ್ತಿಕೊಳ್ಳುತ್ತಿದ್ದದ್ದು ಅವರ ಪ್ರಬಂಧ ಓದಿಯಲ್ಲ.

ಈಗ ಅಳತೆ. ಮೊದಲ ವಾರ ಗೇಟಿನ ತನಕ ಹೋಗಿ ವಾಪಸ್ ಬರತಕ್ಕದ್ದು. ಅಷ್ಟೇ. ಸ್ಟ್ಯಾನ್‌ಫೋರ್ಡ್‌ನ ಬಿ.ಜೆ. ಫಾಗ್ ಹಲ್ಲಿನ ಸಂದಿಗೆ ದಾರ ಹಾಕುವ ಅಭ್ಯಾಸ ಕಲಿಸುವಾಗ ಒಂದೇ ಒಂದು ಹಲ್ಲಿನಿಂದ ಶುರುಮಾಡಿ ಎನ್ನುತ್ತಾರೆ. ಅವರ ಲೆಕ್ಕದಲ್ಲಿ ಒಂದು ಹಲ್ಲು, ನಮ್ಮ ಲೆಕ್ಕದಲ್ಲಿ ಒಂದು ಗೇಟು. ಇದಕ್ಕೆ ಬೇಕಾದದ್ದು ಶಕ್ತಿಯಲ್ಲ, ನಾಚಿಕೆಗೇಡಿತನ. ಏಕೆಂದರೆ ಮೂರನೆಯ ದಿನ ಒಳಗಿನಿಂದ ದನಿ ಬರುತ್ತದೆ.

“ರೀ, ಎಲ್ಲಿಗೆ ಹೊರಟ್ರಿ?”

“ವಾಕಿಂಗಿಗೆ.”

“ಆಗಲೇ ಬಂದ್ರಲ್ಲ!”

“ಹ್ಞೂಂ, ಆಯ್ತು.”

ಮುಂದಿನ ನಗುವನ್ನು ಸಹಿಸಿಕೊಳ್ಳತಕ್ಕದ್ದು. ರೋಷ ಬಂದು ಮರುದಿನವೇ ಲಾಲ್‌ಬಾಗಿಗೆ ಹೋಗಿ ಬಂಡೆ ಹತ್ತಿ ಇಳಿದರೆ, ಮೀನಖಂಡ ಹಿಡಿದುಕೊಂಡು ನಾಲ್ಕು ದಿನ ಮಲಗುತ್ತೀರಿ. ಅಲ್ಲಿಗೆ ಯಂತ್ರ ಕೆಟ್ಟಂತೆ. ಅಲ್ಲದೆ ಲಾಲ್‌ಬಾಗಿನಿಂದ ಹೊರಬಿದ್ದವರ ಕಾಲು ಇಡ್ಲಿ ವಡೆಯ ಕಡೆಗೇ ತಿರುಗುತ್ತದೆ, ಅದು ಪ್ರತ್ಯೇಕ ಅಭ್ಯಾಸ. ಅದಕ್ಕೆ ಕೈಪಿಡಿಯ ಅಗತ್ಯ ಯಾರಿಗೂ ಬಿದ್ದಂತಿಲ್ಲ.

ವಾರಂಟಿ

ಇಪ್ಪತ್ತೊಂದು ದಿನ ಮಾಡಿದರೆ ಯಾವುದೂ ಅಭ್ಯಾಸವಾಗುತ್ತದೆ ಎಂದು ನಿಮಗೆ ಯಾರೋ ಹೇಳಿರುತ್ತಾರೆ. ಆ ವಾರಂಟಿ ನಮ್ಮದಲ್ಲ. ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಎಂಬ ಅಮೆರಿಕದ ಪ್ಲಾಸ್ಟಿಕ್ ಸರ್ಜನ್, ಶಸ್ತ್ರಚಿಕಿತ್ಸೆಯಾದವರು ಕನ್ನಡಿಯಲ್ಲಿ ಹೊಸ ಮುಖಕ್ಕೆ ಒಗ್ಗಿಕೊಳ್ಳಲು ಕಡಿಮೆಯೆಂದರೂ 21 ದಿನ ಹಿಡಿಯುತ್ತದೆ ಎಂದು 1960ರ ಪುಸ್ತಕದಲ್ಲಿ ಬರೆದರು. ‘ಕಡಿಮೆಯೆಂದರೂ’ ಎಂಬುದು ದಾರಿಯಲ್ಲಿ ಉದುರಿಹೋಯಿತು, ಮೂಗು ಹೋಗಿ ವಾಕಿಂಗು ಬಂತು. ನಿಜವಾಗಿ ಎಣಿಸಿದವರು ಲಂಡನ್ನಿನ ಫಿಲಿಪಾ ಲಾಲಿ ಮತ್ತು ಸಂಗಡಿಗರು. 96 ಜನರನ್ನು 12 ವಾರ ಗಮನಿಸಿದರು. ಅಭ್ಯಾಸ ತಾನಾಗಿ ನಡೆಯುವ ಹಂತಕ್ಕೆ ಬರಲು ಸರಾಸರಿ 66 ದಿನ. ಆದರೆ ಒಬ್ಬೊಬ್ಬರದನ್ನು ಬಿಡಿಸಿ ನೋಡಿದರೆ 18ರಿಂದ, ಅವರೇ ಅಂದಾಜು ಕಟ್ಟಿದ 254 ದಿನದ ತನಕ ವ್ಯತ್ಯಾಸ. ಊಟದ ಜೊತೆ ಒಂದು ಲೋಟ ನೀರು ಕುಡಿಯುವುದು ಬೇಗ ಕೂತಿತು, ವ್ಯಾಯಾಮ ತಡವಾಗಿ.

ದಿನದ ಲೆಕ್ಕವೇ ಎಲ್ಲವೂ ಆಗಿದ್ದರೆ ಶಬರಿಮಲೆಗೆ ಮಾಲೆ ಹಾಕಿದ ಪ್ರತಿಯೊಬ್ಬರೂ ಬೀಡಿ ಸಿಗರೇಟು ಖಾಯಂ ಬಿಟ್ಟಿರಬೇಕಿತ್ತು. 41 ದಿನ, ಅದೂ ಚಳಿಗಾಲದ ನಸುಕಿನಲ್ಲಿ ತಣ್ಣೀರ ಸ್ನಾನ, ಕಾಲಿಗೆ ಚಪ್ಪಲಿಯಿಲ್ಲ. ಪೆಟ್ಟಿಗೆ ಅಂಗಡಿಯವನು ಕೂಡ ಆ 41 ದಿನ ಇವರನ್ನು ಕಂಡರೆ ಸಿಗರೇಟಿನ ಡಬ್ಬಿಗೆ ಕೈಹಾಕುವುದಿಲ್ಲ. “ಬನ್ನಿ ಸ್ವಾಮಿ” ಎಂದು ಬಾಳೆಹಣ್ಣು ಮುರಿದು ಕೊಡುತ್ತಾನೆ. ಬೆಟ್ಟ ಇಳಿದು ಮಾಲೆ ತೆಗೆದ ಮೇಲೆ ಅದೇ ಅಂಗಡಿಯವನು ಕೇಳದೆಯೇ ಹಳೆಯ ಬ್ರ್ಯಾಂಡನ್ನು ಮುಂದಿಡುತ್ತಾನೆ. ಕೆಲವರು ಅಲ್ಲಿಗೇ ಬಿಟ್ಟವರಿದ್ದಾರೆ, ಅವರಿಗೆ ನಮಸ್ಕಾರ. ಉಳಿದವರದು ಮನಸ್ಸಿನ ದೌರ್ಬಲ್ಯ ಎನ್ನಲು ನಮಗೆ ಮನಸ್ಸಿಲ್ಲ. ಅವರನ್ನು ಹಿಡಿದಿದ್ದದ್ದು ಕಪ್ಪು ಪಂಚೆ, ಬರಿಗಾಲು, ಮನೆಯವರ ಮಡಿ, ಬೀದಿಯವರ ‘ಸ್ವಾಮಿ’. ಅದೆಲ್ಲ ಒಂದೇ ದಿನ ಬಿಚ್ಚಿಹೋದರೆ ಮನುಷ್ಯ ಏನನ್ನು ಹಿಡಿದುಕೊಂಡಾನು? ನಿಮ್ಮ ವಾಕಿಂಗಿಗೂ ಬೀದಿಯ ಸಹಕಾರ ಬೇಕು. ಎದುರುಮನೆ ರಾಯರು “ಏನ್ಸಾರ್, ಇವತ್ತು ಲೇಟು?” ಎಂದು ಕೇಳುವ ದಿನ ಬಂದರೆ ಜೋಡಣೆ ಸರಿಯಾಗಿದೆ ಎಂದು ತಿಳಿಯಿರಿ.

ಗುರುತು ಹಾಕುವುದು

ಫೋನಿನಲ್ಲಿ ಬೇಡ. ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಹಾಕಿ. ಗ್ಯಾಸ್ ಸಿಲಿಂಡರ್ ಬದಲಾಯಿಸಿದ ದಿನ, ಹೆಚ್ಚಿಗೆ ತರಿಸಿದ ಅರ್ಧ ಲೀಟರ್ ಹಾಲು, ಕೆಲಸದಾಕೆ ಬಾರದ ದಿನದ ಕಾಟು, ಇವುಗಳ ನಡುವೆ ನಿಮ್ಮ ಕಾಟೂ ಬೀಳಲಿ. ತಿಂಗಳ ಕೊನೆಗೆ ಆಕೆಯ ರಜೆ ಎರಡು, ನಿಮ್ಮದು ಹನ್ನೊಂದು ಎಂದು ಕಂಡುಬಂದರೆ, ಯಾರ ಸಂಬಳ ಹಿಡಿಯಬೇಕು ಎಂಬುದನ್ನು ಮನೆಯವರೇ ತೀರ್ಮಾನಿಸುತ್ತಾರೆ.

ತೊಂದರೆಗಳು

ಮಳೆ ಬಂದರೆ ಜಗಲಿಯಲ್ಲಿ ನಡೆಯಿರಿ, ಜಗಲಿ ಇಲ್ಲದವರು ಹಾಲಿನಲ್ಲಿ. ನೆಂಟರು ಬಂದರೆ ಅವರನ್ನೂ ಕರೆದೊಯ್ಯಿರಿ, ಬೇಗ ಊರಿಗೆ ಹೊರಡುತ್ತಾರೆ. ಒಂದು ದಿನ ತಪ್ಪಿದರೆ ಗಾಬರಿ ಬೇಡ, ಲಾಲಿಯವರ ಎಣಿಕೆಯಲ್ಲಿ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ನಷ್ಟವಾಗಲಿಲ್ಲ. ಅಪಾಯ ಇರುವುದು ‘ಹೇಗೂ ತಪ್ಪಿತು, ಸೋಮವಾರದಿಂದ ಸರಿಯಾಗಿ ಶುರುಮಾಡೋಣ’ ಎಂಬ ಮಾತಿನಲ್ಲಿ. ಹಾಗೆ ಅಂದದ್ದು ಮಂಗಳವಾರವಾದರೆ ಆರು ದಿನ ಕೈಬಿಟ್ಟಂತೆ.

ವರ್ಗಾವಣೆ

ಈ ಅಭ್ಯಾಸವನ್ನು ಬೇರೆಯವರ ಹೆಸರಿಗೆ ಕೊಳ್ಳಲು ಬರುವುದಿಲ್ಲ. ಡಲ್ಲಾಸಿನಲ್ಲಿರುವ ಮಕ್ಕಳು ಶಿವಮೊಗ್ಗದ ಅಪ್ಪನಿಗೆ ವಾಚು ಕಳಿಸಿ, ಅಲ್ಲಿಂದಲೇ ಫೋನಿನಲ್ಲಿ ಹೆಜ್ಜೆ ನೋಡುವುದು ಹೆಚ್ಚಾಗಿದೆ. ವಾಚಿಗೆ ಗೊತ್ತಾಗುವುದು ಕೈ ಅಲುಗಾಡಿದ್ದು ಮಾತ್ರ ಎಂಬುದನ್ನು ಅವರು ಗಮನಿಸತಕ್ಕದ್ದು.

“ಅಪ್ಪಾ, ನಿನ್ನೆ ಒಂಬತ್ತು ಸಾವಿರ ಹೆಜ್ಜೆ ತೋರಿಸ್ತಿದೆ! ಎಲ್ಲಿ ತನಕ ನಡೆದ್ರಿ?”

“ಎಲ್ಲಿಗೂ ಇಲ್ಲ ಕಣೋ. ಏಕಾದಶಿ ಅಲ್ವಾ, ಮಠದಲ್ಲಿ ಕೂತು ತಾಳ ಹಾಕ್ತಿದ್ದೆ.”