ವಾಲ್ವ್ ರಾಯರು

ವಾಲ್ವ್ ರಾಯರಿಗೆ ಹೆತ್ತವರಿಟ್ಟ ಹೆಸರು ಬೇರೆಯೇ ಇದೆ. ಬ್ಯಾಂಕಿನವರಿಗೂ ಗ್ಯಾಸ್ ಏಜೆನ್ಸಿಯವರಿಗೂ ಅದು ಬೇಕು, ರಸ್ತೆಯಲ್ಲಿ ಯಾರಿಗೂ ಬೇಕಾಗಿಲ್ಲ. ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ಹುಡುಕಿದರೆ ಇಂಥವರು ಅಲ್ಲೊಬ್ಬರು ಇಲ್ಲೊಬ್ಬರು ಸಿಗುತ್ತಾರೆ. ವಯಸ್ಸು ಐವತ್ತೈದರ ಮೇಲೆ. ಮನೆ ಸಾಲ ತೀರಿರುತ್ತದೆ. ಮಗ ಡಲ್ಲಾಸಿನಲ್ಲೋ ವೈಟ್‌ಫೀಲ್ಡಿನಲ್ಲೋ ಇರುತ್ತಾನೆ. ಎರಡೂ ಒಂದೇ ದೂರ. ಅವನು ಬಿಟ್ಟುಹೋದ ಕೋಣೆಯಲ್ಲಿ ಹೆಡ್‌ಫೋನಿಗೆಂದೇ ತರಿಸಿದ ಒಂದು ವಾಲ್ವ್ ಆಂಪ್ಲಿಫೈಯರ್ ಕೂತಿರುತ್ತದೆ.

ಸಂಜೆ ಮನೆಯಾಕೆ ದೇವರ ಮುಂದೆ ದೀಪ ಹಚ್ಚುವ ಹೊತ್ತಿಗೆ ರಾಯರು ವಾಲ್ವ್ ಹೊತ್ತಿಸುತ್ತಾರೆ. ಹೊತ್ತಿಸಿದ ತಕ್ಷಣ ಕೇಳುವ ಹಾಗಿಲ್ಲ. ಅರ್ಧ ಗಂಟೆ ಕಾಯಬೇಕು. ಆ ಅರ್ಧ ಗಂಟೆಯಲ್ಲಿ ನೀವೇನಾದರೂ ಅಪಾರ್ಟ್‌ಮೆಂಟಿನ ನೀರಿನ ಲೆಕ್ಕ ಕೇಳಲು ಹೋದಿರೋ, ಕೆಟ್ಟಿರಿ. "ಬನ್ನಿ, ಬನ್ನಿ, ದೀಪ ಆರಿಸಿ ನೋಡಿ" ಎಂದು ಕೈ ಹಿಡಿದು ಕೂರಿಸುತ್ತಾರೆ. ಕತ್ತಲಲ್ಲಿ ಎರಡು ಗಾಜಿನ ಬುರುಡೆ. ಚಿಕ್ಕದು 6ಎಸ್‌ಎನ್7, ಸೊಂಟ ದಪ್ಪಗಿರುವುದು 6ಎಎಸ್7. ದಪ್ಪನೆಯದರ ಹೊಟ್ಟೆಯೊಳಗೆ ಕಿತ್ತಳೆ ಬಣ್ಣದ ಕೆಂಡ. ಅಲ್ಲಿ ಕ್ಯಾಥೋಡ್ ಎಂಬ ಕೊಳವೆ 700 ಡಿಗ್ರಿಯ ಆಚೀಚೆ ಕಾದರೆ ಮಾತ್ರ ಎಲೆಕ್ಟ್ರಾನುಗಳು ಅದನ್ನು ಬಿಟ್ಟು ಹೊರಡುತ್ತವಂತೆ. "ಸುಮ್ಮನೆ ಕರೆದರೆ ಬರೋಲ್ಲ ಸ್ವಾಮಿ, ಬುಡಕ್ಕೆ ಬೆಂಕಿ ಇಡಬೇಕು" ಅನ್ನುತ್ತಾರೆ ರಾಯರು. ಮೂವತ್ತು ವರ್ಷ ಸರ್ಕಾರಿ ಕಚೇರಿಯಲ್ಲಿ ಕೆಲಸ ತೆಗೆಸಿದವರು, ಅನುಭವದ ಮಾತು.

ಈ 6ಎಎಸ್7 ಹುಟ್ಟಿದ್ದು ಸಂಗೀತಕ್ಕಲ್ಲ. ದೊಡ್ಡ ಯಂತ್ರಗಳ ಒಳಗೆ ಕೂತು ವೋಲ್ಟೇಜನ್ನು ಏರುಪೇರಾಗದಂತೆ ಕಾಯುವ ಕೂಲಿ ಕೆಲಸಕ್ಕೆ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇಲ್ಲದೆಯೇ 300 ಓಮ್‌ನ ಹೆಡ್‌ಫೋನನ್ನು ನೇರವಾಗಿ ಆಡಿಸಬಲ್ಲದು ಎಂದು ಯಾರೋ ಕಂಡುಕೊಂಡ ಮೇಲೆ ಕೂಲಿಯಾಳು ವಿದ್ವಾಂಸನಾದ. ಹಳೇ ಅಭ್ಯಾಸ ಹೋಗಿಲ್ಲ. ಹೊಟ್ಟೆಬಾಕ. ಅವನ ಹೀಟರೊಂದೇ 6.3 ವೋಲ್ಟಿನಲ್ಲಿ ಎರಡೂವರೆ ಆಂಪಿಯರ್ ಕುಡಿಯುತ್ತದೆ, ಅಂದರೆ ಹೆಚ್ಚುಕಡಿಮೆ 16 ವಾಟ್. ಚಿಕ್ಕ ವಾಲ್ವಿನದು ಇನ್ನೊಂದು 4. ಪ್ಲೇಟಿನ ಕರೆಂಟು, ಟ್ರಾನ್ಸ್‌ಫಾರ್ಮರ್ ನುಂಗಿದ್ದು ಎಲ್ಲ ಸೇರಿ ಗೋಡೆಯಿಂದ ಎಳೆಯುವುದು 50 ವಾಟಿನ ಸುಮಾರು. ಹಾಡಿದರೂ ಅಷ್ಟೇ, ಸುಮ್ಮನಿದ್ದರೂ ಅಷ್ಟೇ. ಇಷ್ಟೆಲ್ಲ ಆಗಿ ರಾಯರ ಕಿವಿಗೆ ತಲುಪುವುದೆಷ್ಟು? 300 ಓಮ್‌ಗೆ ಒಂದು ವೋಲ್ಟ್ ಕೊಟ್ಟರೆ ಮೂರು ಚಿಲ್ಲರೆ ಮಿಲಿವಾಟ್. ಅಷ್ಟಕ್ಕೇ ಕಿವಿ "ಸಾಕಪ್ಪಾ" ಅನ್ನುತ್ತದೆ. ಒಂದು ಒಳಲೆ ಹಾಲು ಬೆಚ್ಚಗೆ ಮಾಡಲು ಮದುವೆಮನೆಯ ಕೊಪ್ಪರಿಗೆ ಒಲೆ ಹೊತ್ತಿಸಿದ ಹಾಗೆ. ಮಿಕ್ಕ ಬಿಸಿಯೆಲ್ಲ ಕೋಣೆಯ ಪಾಲು.

ಡಿಸೆಂಬರಿನಲ್ಲಿ ಇದು ಹಿತವೇ. ಏಪ್ರಿಲ್ಲಿನಲ್ಲಿ ನೋಡಬೇಕು ಚೆಂದ. ರಾಯರ ಹೆಡ್‌ಫೋನಿನ ಬೆನ್ನಿಗೆ ಬರೀ ಜಾಲರಿ. ಒಳಗಿನ ಹಾಡು ಹೊರಗೆ, ಹೊರಗಿನ ಕುಕ್ಕರ್ ಸೀಟಿ ಒಳಗೆ. ಆದ್ದರಿಂದ ಕಿಟಕಿ ಬಂದ್. ಫ್ಯಾನಿನ ಗರಗರ ಮಲ್ಲಿಕಾರ್ಜುನ ಮನ್ಸೂರರ ಆಲಾಪದ ಮಧ್ಯೆ ತೂರುತ್ತದೆಂದು ಫ್ಯಾನೂ ಬಂದ್. 2024ರ ಏಪ್ರಿಲ್ಲಿನಲ್ಲಿ ಬೆಂಗಳೂರು 38 ಡಿಗ್ರಿ ದಾಟಿದಾಗ ಎ.ಸಿ. ಹಾಕಿಸಿದರು, ಮೊದಲ ರಾತ್ರಿಯೇ ಅದರ ಗುಂಯ್‌ಗುಡುವಿಕೆ ಷಡ್ಜಕ್ಕೆ ಸೇರುವುದಿಲ್ಲವೆಂದು ಅದೂ ಬಂದ್. ಬನಿಯನ್ನು, ಹೆಗಲ ಮೇಲೊಂದು ಟವೆಲ್ಲು, ಕಿವಿಗೆ ಮಖಮಲ್ಲಿನ ಮೆತ್ತೆ, ಮೆತ್ತೆಯ ಕೆಳಗಿನಿಂದ ಕುತ್ತಿಗೆಗೆ ಇಳಿಯುವ ಬೆವರು. ಮುಖದ ಮೇಲೆ ಮಾತ್ರ ಪರಮಾನಂದ. ಕಾಫಿ ಹಿಡಿದು ಬಾಗಿಲು ತೆರೆದ ಮನೆಯಾಕೆ ಅಲ್ಲೇ ನಿಂತು, "ರೀ, ನೀವು ಕೇಳ್ತಾ ಇದೀರೋ, ಬೇಯ್ತಾ ಇದೀರೋ?" ಅಂದರು. ರಾಯರು ಕೈಸನ್ನೆಯಲ್ಲೇ ಬಾಗಿಲು ಹಾಕು ಅಂದರು. ಬಿಸಿ ಹೊರಗೆ ಹೋಗದಿರಲಿ ಎಂದಲ್ಲ, ಮಾತು ಒಳಗೆ ಬರದಿರಲಿ ಎಂದು.

ಮಗ ಬಂದಾಗ ಬೆರಳುದ್ದದ ಡಾಂಗಲ್ ಒಂದನ್ನು ತಂದುಕೊಟ್ಟ. ಫೋನಿಗೆ ಸಿಕ್ಕಿಸಿದರೆ ಆಯಿತು, ಬಿಸಿಯಿಲ್ಲ, ಕಾಯುವುದಿಲ್ಲ. ರಾಯರು ಅದನ್ನು ಅಂಗೈಯಲ್ಲಿಟ್ಟು ಹಿಂದೆ ಮುಂದೆ ತಿರುಗಿಸಿ, "ಮುಟ್ಟಿ ನೋಡೋ, ಮೈ ತಣ್ಣಗಿದೆ. ಇದರಲ್ಲಿ ಏನಿದೆ?" ಅಂದು ಹಿಂತಿರುಗಿಸಿದರು.

ನ್ಯಾಯಕ್ಕೆ ಹೇಳಬೇಕೆಂದರೆ ರಾಯರ ಕಿವಿ ಸುಳ್ಳು ಹೇಳುತ್ತಿಲ್ಲ. ಇಂಥ ಆಂಪ್ಲಿಫೈಯರಿನ ಒಳತಡೆ ಹೆಚ್ಚು. ಹೆಡ್‌ಫೋನಿನ ತಡೆಯೋ, ಮಂದ್ರದ ಒಂದು ಜಾಗದಲ್ಲಿ ಗುಡ್ಡದಂತೆ ಏರುತ್ತದೆ. ಎರಡೂ ಕೂಡಿದಾಗ ಅಲ್ಲಿ ಸ್ವರ ತುಸು ಮೈತುಂಬಿಕೊಳ್ಳುತ್ತದೆ. ತಬಲಾದ ಬಾಯಾ ಗುಂಡಗೆ ಕೇಳುತ್ತದೆ. ಅದಕ್ಕೂ ಕೋಣೆಯ ಸೆಕೆಗೂ ಸಂಬಂಧವಿಲ್ಲ ಎಂದು ಹೇಳಿ ನೋಡಿದೆ. ಸೆಕೆಯಿಲ್ಲದ ಬಾಯಾ ತಮಗೆ ಬೇಡ ಅಂದರು.

ಎಸ್.ಪಿ. ರಸ್ತೆಯ ಗುಜರಿಯಲ್ಲಿ 'ಬಿಇಎಲ್' ಎಂದು ಅಚ್ಚಾದ ಒಂದು ವಾಲ್ವ್ ಸಿಕ್ಕ ದಿನ ರಾಯರಿಗೆ ನಾಡಹಬ್ಬ. ತಮ್ಮ ಯಂತ್ರಕ್ಕೆ ಅದು ಕೂರುವುದಿಲ್ಲ, ಕಾಲುಗಳ ಲೆಕ್ಕವೇ ಬೇರೆ; ಆದರೂ ಷೋಕೇಸಿನಲ್ಲಿ ಇಟ್ಟರು. ಅದೇ ಬಿಇಎಲ್‌ನ ಜಾಲಹಳ್ಳಿ ಕಾರ್ಖಾನೆಯಿಂದ ನಿವೃತ್ತರಾದ ಹಿರಿಯರೊಬ್ಬರು ನಮ್ಮ ರಸ್ತೆಯಲ್ಲೇ ಇದ್ದಾರೆ. ಅವರನ್ನು ಕರೆತಂದು ತೋರಿಸಿದರು. ಹಿರಿಯರು ಕನ್ನಡಕ ಏರಿಸಿ ನೋಡಿ, "1961ರಲ್ಲಿ ವಾಲ್ವ್ ಮಾಡೋಕೆ ಶುರು ಮಾಡಿದರು. ಮರುವರ್ಷವೇ ಜರ್ಮೇನಿಯಂ ಸೆಮಿಕಂಡಕ್ಟರೂ ಬಂತು. ಯಾಕೆ ಹೇಳಿ? ಈ ಸುಡುಗಾಡು ಬಿಸಿ ತಪ್ಪಲಿ ಅಂತ" ಎಂದರು. ಆಮೇಲೆ ರಾಯರು ಅವರಿಗೆ ನಮಸ್ಕಾರ ಮಾತ್ರ ಹೇಳುತ್ತಾರೆ.

ವಾಲ್ವ್ ಬದಲಾಯಿಸುವುದು ಇನ್ನೊಂದು ಚಟ. ಅಮೆರಿಕದ್ದು ತೆಗೆದು ರಷ್ಯಾದ್ದು ಹಾಕು, ರಷ್ಯಾದ್ದು ತೆಗೆದು ಮತ್ತೆ ಅಮೆರಿಕದ್ದು ಹಾಕು. ಶೀತಲ ಸಮರ ಈ ಕೋಣೆಯಲ್ಲಿ ಇನ್ನೂ ಮುಗಿದಿಲ್ಲ, ಶೀತಲವೂ ಅಲ್ಲ. ಆರಿಸಿ ತಣಿಯುವ ತನಕ ಕಾಯಬೇಕು. ರಾಯರಿಗೆ ಆ ತಾಳ್ಮೆ ಇಲ್ಲ. ಬೆರಳಿನಲ್ಲಿ ಬೊಬ್ಬೆ ಎದ್ದ ಮೇಲೆ ಅಡುಗೆಮನೆಯ ಮಸಿಬಟ್ಟೆ ಮಾಯವಾಗತೊಡಗಿತು. ಸಾರಿನ ಪಾತ್ರೆ ಇಳಿಸಲು ಬಟ್ಟೆಯಿಲ್ಲದೆ ಮನೆಯಾಕೆ ಒಂದು ದಿನ ಕೋಣೆಗೆ ನುಗ್ಗಿದರು. ಆ ದಿನ ಸರ್ಕಾರದ ಪುಕ್ಕಟೆ ಕರೆಂಟಿನ, ಅಂದರೆ ಗೃಹಜ್ಯೋತಿಯ, ವಿಷಯವೂ ಬಂತು. ದಿನಕ್ಕೆ ನಾಲ್ಕು ಗಂಟೆಯೆಂದರೆ ತಿಂಗಳಿಗೆ ಆರು ಯೂನಿಟ್. ಹಳೇ ಸರಾಸರಿಯ ಮೇಲೆ ಸರ್ಕಾರ ಬಿಟ್ಟಿರುವ ಶೇಕಡಾ 10ರಲ್ಲಿ ಅರ್ಧಕ್ಕರ್ಧ ಈ ಬುರುಡೆಗಳಿಗೇ ಹೋಗುತ್ತಿದೆ ಎಂದು ಅವರು ಬಿಲ್ಲು ಹಿಡಿದು ತೋರಿಸಿದರು. ರಾಯರಿಗೆ ಉತ್ತರ ಹೊಳೆಯಲಿಲ್ಲ.

ರಾಜಿಯಾದದ್ದು ಡಿಸೆಂಬರಿನಲ್ಲಿ, ದೋಸೆ ಹಿಟ್ಟಿನ ದೆಸೆಯಿಂದ. ಬೆಂಗಳೂರಿನ ಚಳಿಗೆ ಹಿಟ್ಟು ರಾತ್ರಿಯೆಲ್ಲ ಇಟ್ಟರೂ ಏಳುವುದಿಲ್ಲ. ಒಂದು ಸಂಜೆ ಪಾತ್ರೆ ರಾಯರ ಕೋಣೆ ಸೇರಿತು. "ಒಳಗೆ ನೂರಾರು ವೋಲ್ಟ್ ಇದೆ ಕಣೇ, ಚೆಲ್ಲಿದರೆ ಗತಿ?" ಎಂದು ರಾಯರು ಬೊಬ್ಬೆ ಹೊಡೆದ ಮೇಲೆ ಪಾತ್ರೆಗೆ ಪಕ್ಕದ ಸ್ಟೂಲು ಗೊತ್ತಾಯಿತು. ಹತ್ತೂವರೆಗೆ ಮಾಲಕಂಸ ಮುಗಿಸಿ ನೋಡಿದರೆ ಹಿಟ್ಟು ಮುಚ್ಚಳ ಎತ್ತಿದೆ. ಅಂದಿನಿಂದ ರಾಯರ ಸಂಗೀತಕ್ಕೆ ಅಡ್ಡಿಯಿಲ್ಲ. ಬೇಗ ಮಲಗೋಣ ಅಂದರೆ ಮಾತ್ರ, "ಇನ್ನೊಂದು ರಾಗ ಕೇಳ್ರಿ, ಹಿಟ್ಟು ಇನ್ನೂ ಎದ್ದಿಲ್ಲ" ಎಂದು ಒಳಗಿನಿಂದ ಕೂಗು ಬರುತ್ತದೆ.

ಮೊನ್ನೆ ನಾದಿನಿಯ ಮಗಳ ಸೀಮಂತಕ್ಕೆ ಇಪ್ಪತ್ತೈದು ಜನಕ್ಕೆ ಇಡ್ಲಿಯಾಗಬೇಕಿತ್ತು. ಮನೆಯಾಕೆ ಎರಡು ದೊಡ್ಡ ಪಾತ್ರೆ ಹಿಡಿದು ಕೋಣೆಯ ಬಾಗಿಲಲ್ಲಿ ನಿಂತು, ಯಂತ್ರವನ್ನೊಮ್ಮೆ ಪಾತ್ರೆಗಳನ್ನೊಮ್ಮೆ ನೋಡಿ, "ಅಲ್ರೀ, ಇದಕ್ಕಿಂತ ದೊಡ್ಡದು ಬರೋಲ್ವಾ?" ಎಂದು ಕೇಳಿದರಂತೆ. ರಾಯರು ಹೆಡ್‌ಫೋನ್ ತೆಗೆದರು. ದಾಂಪತ್ಯದಲ್ಲಿ ಇಂಥ ಪ್ರಶ್ನೆ ಎರಡು ಸಲ ಬರುವುದಿಲ್ಲವೆಂದು ಅವರಿಗೆ ಗೊತ್ತು.

"845 ಅಂತ ಒಂದಿದೆ ಕಣೇ. ಫಿಲಮೆಂಟೇ 32 ವಾಟ್," ಅಂದರು. "ಒಂದು ಸಾಲದು, ಜೋಡಿ ಬೇಕು."