ಹನ್ನೆರಡು ಲಕ್ಷದ ಗತ್ತು

ಬಜೆಟ್ ಭಾಷಣದಲ್ಲಿ ಸಂಬಳದವರಿಗೆ ಬೇಕಾದ ಸಾಲು ಬರುವುದು ಕೊನೆಗೆ. ಅಲ್ಲಿಯತನಕ ಬೇಳೆಕಾಳು, ಮಖಾನಾ, ಹತ್ತಿ ಎಲ್ಲವನ್ನೂ ಭಕ್ತಿಯಿಂದ ಕೇಳಿಸಿಕೊಳ್ಳಬೇಕು. 2025ರ ಫೆಬ್ರವರಿ 1 ಶನಿವಾರವಾಗಿತ್ತು, ಆಫೀಸಿಗೆ ರಜೆ, ಕೇಳಿಸಿಕೊಂಡೆ. ನಮ್ಮ ಕರ್ನಾಟಕದಿಂದಲೇ ರಾಜ್ಯಸಭೆಗೆ ಹೋದ ನಿರ್ಮಲಾ ಸೀತಾರಾಮನ್ ಕೊನೆಗೂ ಹೇಳಿದರು: ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ತೆರಿಗೆ ಇಲ್ಲ. ಸಂಬಳದಾರರಿಗೆ 75,000 ರೂಪಾಯಿಯ ಸ್ಟ್ಯಾಂಡರ್ಡ್ ಡಿಡಕ್ಷನ್ ಸೇರಿ 12.75 ಲಕ್ಷ. ನನ್ನದು 11.75. ಸಂಬಳ ಕಡಿಮೆಯೆಂದು ಎದೆಯುಬ್ಬಿಸಿದ್ದು ಅದೇ ಮೊದಲು.

ಮಾವನವರು ಮಾತ್ರ ಟಿ.ವಿ.ಯ ಪಟ್ಟಿಯಲ್ಲೇ ಸಿಕ್ಕಿಕೊಂಡಿದ್ದರು. "ಏನಪ್ಪಾ, ನಾಲ್ಕರಿಂದ ಎಂಟು ಲಕ್ಷಕ್ಕೆ ಶೇಕಡಾ 5, ಆಮೇಲೆ 10 ಅಂತಿದೆಯಲ್ಲ, ಇಲ್ಲ ಅನ್ನೋದು ಯಾವುದು?"

"ಅದು 87ಎ ರಿಬೇಟ್ ಮಾವ. ಹೋಟೆಲಲ್ಲಿ ಬಿಲ್ ಬರೀತಾರೆ, ಗಲ್ಲಾದ ಹತ್ತಿರ ಹೋದರೆ ಬೇಡ ಹೋಗಿ ಸ್ವಾಮಿ ಅಂತಾರೆ. 60,000ದವರೆಗಿನ ಬಿಲ್ ಮನ್ನಾ."

"ಅಂಥ ಹೋಟೆಲ್ ನಾನೆಲ್ಲೂ ನೋಡಿಲ್ಲ" ಅಂದರು. ಲೋಕಾನುಭವ ಇರುವವರು.

ಸಂಜೆಯೇ ಡಬಲ್ ಡೋರ್ ಫ್ರಿಜ್ ಕಂತಿನಲ್ಲಿ ಬಂತು. ಉಳಿಯಲಿರುವ ತೆರಿಗೆಯೇ ಕಂತು ಕಟ್ಟುತ್ತದೆ ಎಂಬುದು ನನ್ನ ಅರ್ಥಶಾಸ್ತ್ರ. ಸೋಮವಾರ ಅಕೌಂಟ್ಸ್ ಹುಡುಗ ಬಾಡಿಗೆ ರಸೀದಿ, ಎಲ್‌ಐಸಿ ರಸೀದಿ ಕೇಳಿಕೊಂಡು ಬಂದ. "ಬಜೆಟ್ ಕೇಳಲಿಲ್ವೇನಯ್ಯಾ? ಇನ್ನು ಅವೆಲ್ಲ ಯಾಕೆ?" ಎಂದು ಅವನನ್ನು ಕನಿಕರದಿಂದ ವಾಪಸು ಕಳಿಸಿದೆ.

ತಿಂಗಳ ಕೊನೆಗೆ ಕೈಗೆ ಬಂದದ್ದು ಸಂಬಳವೋ ಸಂಬಳದ ತಂಗಿಯೋ ತಿಳಿಯಲಿಲ್ಲ. ಓಡಿದೆ. "ಸಾರ್, ನೀವಿರೋದು ಹಳೇ ಪದ್ಧತೀಲಿ. ಬಜೆಟ್‌ದು ಏಪ್ರಿಲ್ 1ರಿಂದ. ರಸೀದಿ ಇಲ್ಲ ಅಂತ ಪೂರ್ತಿ ತೆರಿಗೆ ಹಿಡಿದಿದೀನಿ, ಮಾರ್ಚಲ್ಲೂ ಹಿಡೀತೀನಿ. ರಿಟರ್ನ್ ಹಾಕುವಾಗ ಕೇಳ್ಕೊಳ್ಳಿ." ಈಗ ಕನಿಕರ ಅವನ ಮುಖದಲ್ಲಿತ್ತು.

ಏಪ್ರಿಲ್‌ನಲ್ಲಿ ಹೊಸ ಪದ್ಧತಿಗೆ ಜಿಗಿದೆ. ಬಾಕಿ ಬಿದ್ದ ಕಂತಿಗೆಂದು, ಕೊಂಡು ವರ್ಷವೂ ತುಂಬದ ಷೇರು ಮಾರಿದೆ, 50,000 ಲಾಭ. ಡಿಡಕ್ಷನ್ ಕಳೆದು ಉಳಿದ ಸಂಬಳದ 11 ಲಕ್ಷಕ್ಕೆ ಇದನ್ನು ಸೇರಿಸಿದರೂ 12 ದಾಟಲಿಲ್ಲವೆಂದು ಮನೆಯಲ್ಲಿ ಉಪನ್ಯಾಸವೂ ಆಯಿತು. ಲೆಕ್ಕಪರಿಶೋಧಕರು ಕನ್ನಡಕ ಏರಿಸಿದರು. ಸಂಬಳದ ತೆರಿಗೆ ಮನ್ನಾ, ಸರಿ; ಆದರೆ ಷೇರಿನ ಅಲ್ಪಾವಧಿ ಲಾಭಕ್ಕೆ ರಿಬೇಟ್ ತಾಗುವುದಿಲ್ಲ. ಶೇಕಡಾ 20, ಅದರ ಮೇಲೆ ಶೇಕಡಾ 4 ಸೆಸ್, ಒಟ್ಟು 10,400.

"ರೀ, ಆ ಫ್ರಿಜ್ ಮಾರಿದರೆ ಅದಕ್ಕೂ ತೆರಿಗೆಯೇ?" ಅಂದಳು ಹೆಂಡತಿ.

"ಇಲ್ಲ! ಮನೆಬಳಕೆಯ ಸಾಮಾನಿಗೆ ಇಲ್ಲ" ಎಂದೆ, ಗತ್ತು ಮರಳಿ ಬಂದಿತ್ತು.

"ಹಾಗಾದರೆ ಮೊದಲು ಅದರ ಕಂತು ಮುಗಿಸಿ."