ಕೋಷ್ಠಾಗಾರ ಮೀಮಾಂಸೆ

ನಮ್ಮ ದೇಶದ ತಾರ್ಕಿಕರು ಅಡುಗೆಮನೆಯನ್ನು ಕುರಿತು ತೋರಿದ ಔದಾಸೀನ್ಯ ಅಕ್ಷಮ್ಯವಾದುದು. ಎಲ್ಲೆಲ್ಲಿ ಹೊಗೆಯುಂಟೋ ಅಲ್ಲಲ್ಲಿ ಬೆಂಕಿಯುಂಟೆಂಬ ವ್ಯಾಪ್ತಿಗೆ ದೃಷ್ಟಾಂತವೊಂದು ಬೇಕಾದಾಗಲೆಲ್ಲ ಗುರುಶಿಷ್ಯರು ತಪ್ಪದೆ ಮಹಾನಸದ ಬಾಗಿಲಿಗೆ ಬಂದರು. ಹೊಗೆಯನ್ನು ಕಂಡರು, ಬೆಂಕಿಯನ್ನು ಕಂಡರು, ದೂರದ ಪರ್ವತದ ಮೇಲೂ ಬೆಂಕಿಯಿರಲೇಬೇಕೆಂದು ನಿಶ್ಚಯಿಸಿಕೊಂಡು ಹೊರಟುಹೋದರು. ಅಕ್ಕಿಯನ್ನು ಎಲ್ಲಿಟ್ಟಿದ್ದರು, ಬೇಳೆ ಯಾವ ಪಾತ್ರೆಯಲ್ಲಿತ್ತು, ಉಪ್ಪಿನ ಮರಿಗೆಗೆ ಮುಚ್ಚಳವಿತ್ತೆ ಎಂಬ ಪ್ರಶ್ನೆಗಳು ಅವರ ಮನಸ್ಸನ್ನು ಬಾಧಿಸಿದಂತೆ ತೋರುವುದಿಲ್ಲ. ಈಗಲಾದರೋ ಅಡುಗೆಮನೆಗೆ ಚಿಮಣಿ ಬಂದಿರುವುದರಿಂದ ಬೆಂಕಿಯಿದ್ದರೂ ಹೊಗೆ ಕಾಣದು. ಇಂಡಕ್ಷನ್ ಒಲೆಯಲ್ಲಿ ಅವೆರಡೂ ಇಲ್ಲ. ಹೀಗೆ ತರ್ಕಶಾಸ್ತ್ರಕ್ಕೆ ಆ ಸ್ಥಳ ನಿರುಪಯುಕ್ತವಾಗಿಬಿಟ್ಟಿರುವ ಈ ಸಂಧಿಕಾಲದಲ್ಲಿ, ಅಲ್ಲಿ ವಿಚಾರಯೋಗ್ಯವಾಗಿ ಉಳಿದಿರುವ ಏಕಮಾತ್ರ ಪದಾರ್ಥವಾದ ಉಗ್ರಾಣದ ಸ್ವರೂಪವನ್ನು ನಿರ್ಣಯಿಸಲು ಈ ಗ್ರಂಥವು ಆರಂಭಿಸಲ್ಪಡುತ್ತಿದೆ.

1. ಅನುಬಂಧ ಪ್ರಕರಣ

ಶಾಸ್ತ್ರಕ್ಕೆ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕು ಅನುಬಂಧಗಳಿರತಕ್ಕದ್ದೆಂದು ಹಿರಿಯರ ಕಟ್ಟಳೆ. ಬೆಂಗಳೂರಿನ 30 ಅಡಿ ಅಗಲ, 40 ಅಡಿ ಉದ್ದದ ನಿವೇಶನದಲ್ಲಿ ಹಿಂದಿನವರು ಕಟ್ಟಿಸಿದ ಅಡುಗೆಮನೆಯನ್ನು ಒಡೆದು ಹೊಸತು ಮಾಡಿಸುವಾಗ ಉಗ್ರಾಣವು ಯಾವ ರೂಪವನ್ನು ತಾಳಬೇಕೆಂಬುದೇ ವಿಷಯ. ಒಗ್ಗರಣೆಯ ಎಣ್ಣೆ ಕಾದು ಸುಡುವುದರೊಳಗೆ ಸಾಸಿವೆ ಕೈಗೆ ಸಿಕ್ಕುವುದೇ ಪ್ರಯೋಜನ. ಸಂಬಂಧವು ಗುತ್ತಿಗೆದಾರನಿಗೂ ಮನೆಯ ಯಜಮಾನನಿಗೂ ಇರುವಂಥದು. ಮುಂಗಡವನ್ನು ಕೊಡುವ ಕ್ಷಣದಲ್ಲಿ ಅದು ಪೂರ್ಣಿಮೆಯನ್ನು ಮುಟ್ಟಿ ಆಮೇಲೆ ಕೃಷ್ಣಪಕ್ಷಕ್ಕೆ ತಿರುಗುತ್ತದೆ.

ಇನ್ನು ಅಧಿಕಾರಿಯಾದವನು ಸಾಧನಚತುಷ್ಟಯಸಂಪನ್ನನಾಗಿರತಕ್ಕದ್ದು. ಉಪ್ಪಿನಕಾಯಿ ನಿತ್ಯವಾದುದು, ಕರಿಬೇವು ಅನಿತ್ಯವಾದುದು ಎಂಬ ವಿವೇಕ ಅವನಿಗಿರಬೇಕು. ಬರಿದಾದ ಹಾರ್ಲಿಕ್ಸ್ ಬಾಟಲಿಯೂ ಐಸ್‌ಕ್ರೀಮಿನ ಡಬ್ಬಿಯೂ ಎಂದಾದರೊಂದು ದಿನ ಉಪಯೋಗಕ್ಕೆ ಬಂದಾವೆಂಬ ಆಸೆಯನ್ನು ತೊರೆದ ವೈರಾಗ್ಯವಿರಬೇಕು. “ನಾಳೆ ಖಂಡಿತ ಬರ್ತೀನಿ ಸಾರ್” ಎಂದು ಬಡಗಿ ದೂರವಾಣಿಯಲ್ಲಿ ಹೇಳಿದಾಗ ಚಲಿಸದಿರುವ ಶಮದಮಾದಿಗಳಿರಬೇಕು. ನಾಲ್ಕನೆಯದಾದ ಮುಮುಕ್ಷುತ್ವಕ್ಕೆ ಉಪದೇಶ ಬೇಕಾಗಿಲ್ಲ. ಹಜಾರದ ಮೂಲೆಯಲ್ಲಿ ಒಲೆಯಿಟ್ಟುಕೊಂಡು, ಸಿಮೆಂಟಿನ ಧೂಳು ಬೆರೆತ ಸಾರನ್ನು ತಿಂಗಳಾನುಗಟ್ಟಲೆ ಉಂಡವನಿಗೆ ಅದು ತಾನಾಗಿಯೇ ಉದಯಿಸುತ್ತದೆ.

2. ದಿಙ್ನಿರ್ಣಯ ಪ್ರಕರಣ

ಮೊದಲು ದಿಕ್ಕಿನ ಮಾತು. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ದೇವರ ಮನೆಗೆ ಈಶಾನ್ಯವನ್ನೂ, ಅಡುಗೆಗೆ ಆಗ್ನೇಯವನ್ನೂ, ಪಾತ್ರೆಪಡಗಗಳಿಗೆ ನೈಋತ್ಯವನ್ನೂ, ಧನಧಾನ್ಯಗಳಿಗೆ ವಾಯವ್ಯವನ್ನೂ ವಿಧಿಸಿದ್ದಾನೆ. ಒಲೆ ಒಂದು ಮೂಲೆಯಲ್ಲಿಯೂ ಅಕ್ಕಿ ಅದಕ್ಕೆ ಸರಿಯಾಗಿ ಎದುರು ಮೂಲೆಯಲ್ಲಿಯೂ ಇರತಕ್ಕದ್ದೆಂದು ಇದರ ಫಲಿತಾರ್ಥ. ಆಯತದ ಕರ್ಣವನ್ನು ಲೆಕ್ಕ ಹಾಕುವ ಕ್ರಮವನ್ನು ಬೌಧಾಯನನ ಶುಲ್ಬಸೂತ್ರ ಬಹು ಹಿಂದೆಯೇ ತಿಳಿಸಿರುವುದರಿಂದ, 30 ಮತ್ತು 40 ಅಡಿಗಳ ನಿವೇಶನದಲ್ಲಿ ಈ ದೂರ 50 ಅಡಿಯೆಂದು ಯಾವ ಶಾಲಾಬಾಲಕನಾದರೂ ಹೇಳಬಲ್ಲನು. ಹೋಗಿಬರಲು 100 ಅಡಿ. ಕಾರ್ಪೊರೇಷನ್ನಿನವರು ಸುತ್ತಲೂ ಬಿಡಹೇಳುವ ಖಾಲಿ ಜಾಗವನ್ನು ಕಳೆದರೂ, ಸಾಸಿವೆಯನ್ನು ತರಹೋದವರು ಹಿಂದಿರುಗುವಾಗ ಬಾಣಲೆಯಲ್ಲಿ ಎಣ್ಣೆಯ ಬದಲು ಹೊಗೆಯೇ ಇರುತ್ತದೆ. ಆಗ ಮಾತ್ರ ತಾರ್ಕಿಕರ ಹಳೆಯ ದೃಷ್ಟಾಂತಕ್ಕೆ ಪುನರ್ಜನ್ಮ. ಅಳೆದು ಕೊಡಲು ಒಬ್ಬ, ಹೊತ್ತು ತರಲು ಒಬ್ಬ, ಬೇಯಿಸಲು ಮತ್ತೊಬ್ಬನಿದ್ದ ಮನೆಗಳನ್ನು ಉದ್ದೇಶಿಸಿ ಆಚಾರ್ಯನು ಹಾಗೆ ವಿಧಿಸಿರಬೇಕೆಂದು ಭಾವಿಸುವುದೇ ಯುಕ್ತ. ಇಂದಿನ ವಾಸ್ತುಪಂಡಿತರು ಎಂಟಡಿ ಚದರದ ಅಡುಗೆಮನೆಯೊಳಗೇ ಎಂಟು ದಿಕ್ಕುಗಳನ್ನೂ ಕೂಡಿಸಿ ಈ ಕ್ಲೇಶವನ್ನು ಪರಿಹರಿಸಿದ್ದಾರೆ. ಆ ವಾಯವ್ಯದಲ್ಲಿ ಫ್ರಿಜ್ಜು ಮೊದಲೇ ನಿಂತಿರುವುದೊಂದೇ ಉಳಿದಿರುವ ಆಕ್ಷೇಪ.

3. ಆಚಾರ್ಯ ಪ್ರಕರಣ

ಉಗ್ರಾಣದ ವಿಷಯದಲ್ಲಿ ಪರಮಪ್ರಮಾಣನಾದವನು ಕೌಟಿಲ್ಯ. ಮೈಸೂರಿನ ಆರ್. ಶಾಮಾಶಾಸ್ತ್ರಿಗಳು ಓಲೆಗರಿಯ ಪ್ರತಿಯಿಂದ ಸಂಪಾದಿಸಿ 1909ರಲ್ಲಿ ಪ್ರಕಟಿಸಿದ ಅರ್ಥಶಾಸ್ತ್ರವನ್ನು ಲೋಕವು ರಾಜನೀತಿಗಾಗಿ ಓದುತ್ತದೆ. ಕೋಷ್ಠಾಗಾರಾಧ್ಯಕ್ಷನ ಅಧ್ಯಾಯವನ್ನು ಅಡುಗೆಮನೆ ಮಾಡಿಸುವವರು ಓದದಿರುವುದು ವಿಷಾದಕರ. ಧಾನ್ಯವನ್ನು ನೆಲದಿಂದ ಎತ್ತರದಲ್ಲಿಯೂ, ಬೆಲ್ಲ ಮೊದಲಾದುವನ್ನು ಬಿಗಿಯಾಗಿ ಹೆಣೆದ ಹುಲ್ಲಿನ ಮೂಟೆಗಳಲ್ಲಿಯೂ, ಎಣ್ಣೆ ತುಪ್ಪಗಳನ್ನು ಮಣ್ಣು ಮರಗಳ ಪಾತ್ರೆಗಳಲ್ಲಿಯೂ, ಉಪ್ಪನ್ನು ನೆಲದ ಮೇಲೆಯೂ ಇಡತಕ್ಕದ್ದೆಂದು ಅಲ್ಲಿ ವಿಧಿಯಿದೆ. ಸಂಗ್ರಹದಲ್ಲಿ ಅರ್ಧವನ್ನು ಆಪತ್ಕಾಲಕ್ಕೆಂದು ಕಾಯ್ದಿರಿಸಿ, ಉಳಿದರ್ಧವನ್ನು ಬಳಸಿ, ಹೊಸತು ಬಂದಂತೆ ಹಳತನ್ನು ತೆಗೆಯಬೇಕೆಂದೂ ಹೇಳಿದೆ. ನಮ್ಮ ಮಾಡ್ಯುಲರ್ ವಿನ್ಯಾಸಕರು ಅಕ್ಕಿಯನ್ನು ಪಾತಾಳಕ್ಕೂ ಉಪ್ಪನ್ನು ನೆತ್ತಿಯ ಮೇಲಕ್ಕೂ ಕಳುಹಿಸಿ, ಹಳತರ ಮುಂದೆ ಹೊಸತನ್ನು ತುಂಬುವ ವ್ಯವಸ್ಥೆ ಮಾಡಿರುವುದನ್ನು ನೋಡಿದರೆ, ಅವರು ಆ ಅಧ್ಯಾಯವನ್ನು ಓದಿ ಅದಕ್ಕೆ ಪ್ರತಿಜ್ಞಾಪೂರ್ವಕವಾಗಿ ವಿರುದ್ಧವಾಗಿ ನಡೆದಿರಬೇಕೆಂಬ ಸಂಶಯ ಬಾರದಿರದು. ರಾಜ್ಯಶಾಸನವು ಉಗ್ರಾಣವನ್ನು ರೂಪಿಸುತ್ತದೆಂಬ ಕೌಟಿಲ್ಯನ ತತ್ತ್ವಕ್ಕಂತೂ ಇಂದಿಗೂ ಚ್ಯುತಿಯಿಲ್ಲ: ಜುಲೈ 2022ರಲ್ಲಿ 25 ಕಿಲೋಗ್ರಾಮಿನವರೆಗಿನ ಅಕ್ಕಿಯ ಪೊಟ್ಟಣಗಳಿಗೆ ಶೇಕಡಾ 5ರ ತೆರಿಗೆ ಬಿದ್ದೊಡನೆಯೇ ಅಂಗಡಿಗಳಲ್ಲಿ 26 ಕಿಲೋಗ್ರಾಮಿನ ಮೂಟೆಗಳು ಅವತರಿಸಿದವು, 25ಕ್ಕೆ ಅಳೆದು ಮಾಡಿಸಿದ್ದ ಡಬ್ಬಗಳ ಪಕ್ಕದಲ್ಲಿ ಆ ಒಂದು ಕಿಲೋಗ್ರಾಮು ಇಂದಿಗೂ ಅನಾಥವಾಗಿ ನಿಂತಿದೆ.

ಪಾಶ್ಚಾತ್ಯರಲ್ಲಿ ಸೂತ್ರಕಾರಳೆನಿಸಿದವಳು ಮಾರ್ಗರೆಟೆ ಶ್ಯೂಟೆ-ಲಿಹೋಟ್ಸ್ಕಿ. 1926ರಲ್ಲಿ ಆಕೆ ರೂಪಿಸಿದ ಫ್ರಾಂಕ್‌ಫರ್ಟ್ ಅಡುಗೆಮನೆಯ ಅಳತೆ ಸುಮಾರು 1.9 ಮೀಟರ್ ಅಗಲ, 3.4 ಮೀಟರ್ ಉದ್ದ. ಅದರಲ್ಲಿ ಅಕ್ಕಿ ಸಕ್ಕರೆಗಳಿಗೆ ಹೆಸರು ಬರೆದ ಅಲ್ಯೂಮಿನಿಯಂ ಸೆಳೆಪೆಟ್ಟಿಗೆಗಳು, ಹಿಟ್ಟಿಗೆ ಹುಳು ಬಾರದಿರಲೆಂದು ಓಕ್ ಮರದ ಪೆಟ್ಟಿಗೆ. ಜಗತ್ತಿನ ಮಾಡ್ಯುಲರ್ ಅಡುಗೆಮನೆಗಳೆಲ್ಲಕ್ಕೂ ಮೂಲವೆನ್ನಿಸಿಕೊಂಡ ಇದನ್ನು ರಚಿಸುವವರೆಗೆ ತಾನು ಅಡುಗೆ ಮಾಡಿದವಳೇ ಅಲ್ಲವೆಂದು ಆಕೆ ಮುಂದೆ ತಾನಾಗಿ ಹೇಳಿಕೊಂಡಳು. ಶಾಸ್ತ್ರಕಾರರಿಗೆ ಅನುಭವವು ಅನಾವಶ್ಯಕವೆಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಆಧಾರ ಬೇಕಿಲ್ಲ. ಪ್ರಸ್ತುತ ಗ್ರಂಥಕರ್ತನೂ ಇದರಿಂದ ಧೈರ್ಯಗೊಂಡಿದ್ದಾನೆ.

4. ಪೂರ್ವಪಕ್ಷ ಪ್ರಕರಣ

ಪೂರ್ವಪಕ್ಷಗಳು ನಾಲ್ಕು. ಪ್ರವೇಶವಾದಿಗಳ ಮತದಲ್ಲಿ ಉಗ್ರಾಣವೆಂದರೆ ಮನುಷ್ಯನು ಒಳಹೊಕ್ಕು ನಿಲ್ಲಬಹುದಾದ ಕೋಣೆ. ಸುತ್ತಲೂ ಕಡಪ ಕಲ್ಲಿನ ಹಲಗೆ. ಭರಣಿಗಳು ಸಾಲುಗೊಂಡ, ನೆಲುವಿನ ಮೇಲೆ ಬೆಣ್ಣೆ ತೂಗುವ ಮಲೆನಾಡಿನ ದೊಡ್ಡ ಮನೆಗಳ ಮಟ್ಟಿಗೆ ಇದು ಸಾಧುವಾದ ಮತ. ನಗರದಲ್ಲಿಯಾದರೋ ಕೋಣೆ ಸಿದ್ಧವಾದ ವರ್ಷದೊಳಗೆ ಹಳೆಯ ಸೂಟ್‌ಕೇಸು, ದಸರೆಯ ಗೊಂಬೆಗಳ ಪೆಟ್ಟಿಗೆ, ಕೆಟ್ಟ ಮಿಕ್ಸಿ ಇವೆಲ್ಲ ಪ್ರವೇಶಿಸಿ, ಮನುಷ್ಯನೊಬ್ಬನೇ ಹೊರಗೆ ಉಳಿಯುತ್ತಾನೆ.

ಆಕರ್ಷಣವಾದಿಗಳು ಏಳಡಿ ಎತ್ತರದ ಕಿರಿದಾದ ಬೀರುವನ್ನು ಪ್ರತಿಪಾದಿಸುತ್ತಾರೆ. ಹಿಡಿಯನ್ನು ಸೆಳೆದರೆ ಒಳಗಿನ ತಂತಿಬುಟ್ಟಿಗಳೆಲ್ಲ ಹಳಿಯ ಮೇಲೆ ಸಮೂಹವಾಗಿ ಹೊರಬರುತ್ತವೆ. ಅಂಗಡಿಯ ಪ್ರದರ್ಶನದಲ್ಲಿ ಒಂದು ಬೆರಳಿಗೆ ಅದು ಜಾರಿ ಬರುವುದನ್ನು ಕಂಡು ಮುಗ್ಧರಾಗದವರಿಲ್ಲ. ಆದರೆ ಅಲ್ಲಿ ಅದರ ಭಾರವೆಂದರೆ ಮೂರು ಗಾಜಿನ ಸೀಸೆಗಳ ಪಾಸ್ತಾ. ಮನೆಯಲ್ಲಿ ಅದೇ ಹಳಿ ಎಣ್ಣೆಯ ಕ್ಯಾನು, ಬೇಳೆ, ಬೆಲ್ಲ, ಹುಣಿಸೆಹಣ್ಣುಗಳನ್ನು ಹೊರಬೇಕು. ಆಕರ್ಷಣೆ ಕ್ರಮೇಣ ಘರ್ಷಣೆಯಾಗಿ, ಕೊನೆಗೆ ಮಲ್ಲಯುದ್ಧವಾಗಿ ಪರಿಣಮಿಸುತ್ತದೆ.

ಊರ್ಧ್ವವಾದಿಗಳು ಅಟ್ಟವನ್ನು ನಂಬಿದವರು. ಚಕ್ಕುಲಿ ಒರಳು, ಹಬ್ಬದ ದಬರಿ ಮುಂತಾದ ವರ್ಷಕ್ಕೊಮ್ಮೆ ಇಳಿಯುವ ಸಾಮಗ್ರಿಗಳಿಗೆ ಅದು ಯೋಗ್ಯಸ್ಥಾನವೇ ಹೌದು; ಅಲ್ಲಿಗೆ ಏರಿದ ದಿನಸಿಯಾದರೋ ಪುಣ್ಯ ಕ್ಷೀಣಿಸಿದರೂ ಮರ್ತ್ಯಲೋಕಕ್ಕೆ ಮರಳುವುದಿಲ್ಲ.

ಗಹ್ವರವಾದಿಗಳು ಕಟ್ಟೆಯ ಕೆಳಗಿನ ಎರಡಡಿ ಆಳದ ಗೂಡುಗಳನ್ನು ಆಶ್ರಯಿಸಿದ್ದಾರೆ. ಇವರ ಪೂರ್ವಿಕರು ಬಯಲುಸೀಮೆಯಲ್ಲಿ ಹಗೇವು ತೋಡಿದವರು. ರಾಗಿ ಅದರೊಳಗೆ ವರ್ಷಾನುಗಟ್ಟಲೆ ಕೆಡದೆ ಇರುತ್ತಿತ್ತು. ಒಳಗಿನ ಗಾಳಿ ವಿಷವಾಗಿರುತ್ತಿದ್ದುದರಿಂದ ಬಾಯಿ ತೆರೆದು ಬಹಳ ಹೊತ್ತು ಕಾದ ಬಳಿಕವೇ ಮನುಷ್ಯನನ್ನು ಇಳಿಸುತ್ತಿದ್ದರು. ಸಿಂಕಿನ ಪಕ್ಕದ ಗೂಡಿನಲ್ಲಿ ಮರೆತ ಆಲೂಗಡ್ಡೆಯ ವಿಷಯದಲ್ಲಿ ಈ ಎಚ್ಚರಿಕೆ ಇಂದಿಗೂ ಪಾಲನೀಯ. ಬೀರುವಿನ ಬಾಗಿಲು ಬಿಗಿಯಾಗಿದ್ದರೆ ಹುಳು ಬಾರದೆಂದು ಇವರು ವಾದಿಸುವುದುಂಟು. ಅಕ್ಕಿಯ ಮೂತಿಹುಳುವಿನ ಹೆಣ್ಣು ಕಾಳನ್ನು ಕೊರೆದು, ಒಳಗೆ ಮೊಟ್ಟೆಯಿಟ್ಟು, ಆ ರಂಧ್ರವನ್ನು ಮುಚ್ಚಿಯೇ ಹೊರಡುವುದರಿಂದ, ಶತ್ರು ಮೂಟೆಯೊಡನೆಯೇ ಗೃಹಪ್ರವೇಶ ಮಾಡಿರುತ್ತಾನೆ. ಬಾಗಿಲು ಅವನಿಗೆ ಏಕಾಂತವನ್ನು ಮಾತ್ರ ಒದಗಿಸುತ್ತದೆ. ಬಿಸಿಲು, ಬೇವಿನೆಲೆ, ತೊಗರಿಬೇಳೆಗೆ ಸವರಿದ ಹರಳೆಣ್ಣೆ ಇವುಗಳ ಉಪಕಾರವನ್ನು ಯಾವ ಲ್ಯಾಮಿನೇಟು ಬಾಗಿಲೂ ಮಾಡಲಾರದು.

5. ಪ್ರಮಾಣ ಪ್ರಕರಣ

ಮುಚ್ಚಿದ ಡಬ್ಬಿಯಲ್ಲಿ ಏನಿದೆಯೆಂಬ ಜ್ಞಾನ ಹೇಗೆ ಉಂಟಾಗುತ್ತದೆ? ಭಾಟ್ಟಮೀಮಾಂಸಕರೂ ಅದ್ವೈತಿಗಳೂ ಒಪ್ಪಿರುವ ಆರು ಪ್ರಮಾಣಗಳೂ ಇಲ್ಲಿ ಪ್ರವರ್ತಿಸುತ್ತವೆ. ಗಾಜಿನ ಸೀಸೆಯಲ್ಲಿ ಪ್ರತ್ಯಕ್ಷ. ಸ್ಟೀಲು ಡಬ್ಬಿಯನ್ನು ಕಿವಿಯ ಬಳಿ ಅಲ್ಲಾಡಿಸಿ, ಗಲಗಲವೆಂದರೆ ಕಡಲೆಕಾಳು, ಸರಸರವೆಂದರೆ ರವೆ ಎಂದು ಗ್ರಹಿಸುವುದು ಅನುಮಾನ. ಸಾರಿನ ಪುಡಿಯನ್ನೇ ಹೋಲುತ್ತಿದ್ದು ಕಂಪಿನಲ್ಲಿ ತುಸು ಭಿನ್ನವಾದುದು ಹುಳಿಪುಡಿಯೆಂದು ಅರಿಯುವುದು ಉಪಮಾನ. ಮುಚ್ಚಳದ ಮೇಲಿನ ಚೀಟಿ ಶಬ್ದಪ್ರಮಾಣ. ಆದರೆ ಆಪ್ತವಾಕ್ಯವೇ ಪ್ರಮಾಣವಾಗತಕ್ಕದ್ದಾದುದರಿಂದಲೂ, ‘ಕಾಫಿಪುಡಿ’ ಎಂದು ಬರೆದಲ್ಲಿ ಕೊತ್ತಂಬರಿ ಬೀಜವಿರುವುದು ಸರ್ವಗೃಹಸಾಧಾರಣವಾದುದರಿಂದಲೂ ಚೀಟಿಗೆ ಆಪ್ತತ್ವವಿಲ್ಲ. ನೆಂಟರು ಬಂದು ಕುಳಿತು ಕಾಫಿ ಸೋಸಿದ ಮೇಲೆ ಸಕ್ಕರೆಯಿಲ್ಲವೆಂದು ತಿಳಿಯುವುದು ಅನುಪಲಬ್ಧಿ. ಹಗಲು ಉಣ್ಣದ ದೇವದತ್ತನು ದಪ್ಪಗಿರುವನಾದರೆ ರಾತ್ರಿ ಉಣ್ಣುತ್ತಿರಲೇಬೇಕೆಂಬುದು ಅರ್ಥಾಪತ್ತಿಗೆ ಪ್ರಾಚೀನರ ಉದಾಹರಣೆ. ವೈದ್ಯರ ಮಾತಿಗೆ ಕಟ್ಟುಬಿದ್ದು ಸಿಹಿಯನ್ನು ತ್ಯಜಿಸಿರುವ ಯಜಮಾನರ ಮನೆಯಲ್ಲಿ ಬೆಲ್ಲದ ಡಬ್ಬಿ ದಿನದಿನಕ್ಕೂ ಹಗುರವಾಗುತ್ತಿರುವುದನ್ನು ಕಂಡರೆ, ದೇವದತ್ತನ ಸಂತತಿ ಅವಿಚ್ಛಿನ್ನವಾಗಿ ನಡೆದುಬಂದಿದೆಯೆಂದು ಒಪ್ಪಬೇಕಾಗುತ್ತದೆ.

ಇವುಗಳಲ್ಲಿ ಎಣ್ಣೆ ಕಾಯುವ ವೇಗಕ್ಕೆ ಸರಿಸಮನಾಗಿ ಫಲಿಸುವುದು ಪ್ರತ್ಯಕ್ಷವೊಂದೇ. ಉಳಿದ ಐದಕ್ಕೂ ವಿರಾಮ ಬೇಕು.

6. ಸಿದ್ಧಾಂತ ಪ್ರಕರಣ

ಆದುದರಿಂದ ಪಂಚಾವಯವ ವಾಕ್ಯ ಹೀಗೆ. ಆಳವಾದ ಉಗ್ರಾಣ ದುಷ್ಟ, ಇದು ಪ್ರತಿಜ್ಞೆ. ಹಿಂದಿನ ಸಾಲು ಕಾಣದಿರುವುದರಿಂದ, ಇದು ಹೇತು. ಯಾವುದು ಕಾಣದೋ ಅದನ್ನು ಇಲ್ಲವೆಂದು ಬಗೆದು ಮತ್ತೆ ಕೊಳ್ಳುತ್ತಾರೆ, ಮನೆಮನೆಯಲ್ಲೂ ಒಡೆದೂ ಒಡೆಯದೆಯೂ ಬಿದ್ದಿರುವ ಮೂರು ಪೊಟ್ಟಣ ಸಾಬೂದಾನಿಯಂತೆ, ಇದು ಉದಾಹರಣೆ. ಎರಡಡಿಯ ಗೂಡೂ ಅಂಥದೇ, ಇದು ಉಪನಯ. ಆದಕಾರಣ ಅದು ದುಷ್ಟ, ಇದು ನಿಗಮನ. ಎರಡಡಿಯೆಂದರೆ ಒಂದು ಮೊಳಕ್ಕಿಂತ ಅರ್ಧ ಅಡಿ ಅಧಿಕ. ಮೊಳವನ್ನು ಮೀರಿದ ಆಳವನ್ನು ವಿಚಾರಿಸಲು ಕೈ ಸಾಲದೆ ತಲೆಯನ್ನೂ ಒಳಗಿಡಬೇಕಾಗುತ್ತದೆ.

ನಾಲ್ಕು ಮತಗಳನ್ನೂ ಹೀಗೆ ನಿರಾಕರಿಸಿದ ಬಳಿಕ ಉಳಿಯುವುದು, ಹಿಂದಿನವರು ಗೋಡೆಗೆ ಹೊಡೆದಿದ್ದ ನಾಗಂದಿಗೆ. ವಿನ್ಯಾಸಕರು ಮೊದಲ ದಿನವೇ ಕಿತ್ತು ಹಾಕಿಸುವುದೂ ಇದನ್ನೇ. ಹಲಗೆಯ ಆಳ ಒಂದು ಡಬ್ಬಿಯಷ್ಟು, ಎಂದರೆ 10ರಿಂದ 12 ಅಂಗುಲ. ಎತ್ತರ ಮೊಣಕಾಲಿನಿಂದ ಚಾಚಿದ ಕೈಯವರೆಗೆ. ಸ್ಥಳ ಒಲೆಯಿಂದ ಎರಡು ಹೆಜ್ಜೆಯೊಳಗೆ. ಅಕ್ಕಿಯ ಮೂಟೆಗೆ ಕೌಟಿಲ್ಯನ ಗೌರವಾರ್ಥವಾಗಿ ಒಂದು ಮಣೆ. ಉಪ್ಪು ಪಿಂಗಾಣಿ ಜಾಡಿಯಲ್ಲಿ, ತುಕ್ಕು ಹಿಡಿಯುವ ಯಾವ ಹಳಿಗೂ ತಿರುಗುಣಿಗೂ ದೂರದಲ್ಲಿ. ಹೊಸದಾಗಿ ತಂದುದು ಎಡಗಡೆಗೆ, ಬಳಸುವುದು ಬಲಗಡೆಯಿಂದ.

ಇದನ್ನು ಆರಿಸುವ ಅಧಿಕಾರವು ಆ ಮನೆಯಲ್ಲಿ ದಿನವೂ ಒಗ್ಗರಣೆ ಹಾಕುವವರದು. ಮಿಕ್ಕವರಿಗೆ, ಈ ಗ್ರಂಥಕರ್ತನೂ ಸೇರಿ, ಪ್ರಬಂಧ ಬರೆಯುವ ಅಧಿಕಾರ ಮಾತ್ರ ಉಂಟು. ವಾಚಕರಲ್ಲಿ ವಿಜ್ಞಾಪನೆ ಇಷ್ಟೆ: ಗುತ್ತಿಗೆದಾರನಿಗೆ ಮುಂಗಡ ಕೊಡುವ ಮುನ್ನ ಮನೆಯಲ್ಲಿರುವ ಡಬ್ಬಿಗಳನ್ನೆಲ್ಲ ಹೊರತೆಗೆದು, ಹಜಾರದ ನೆಲದ ಮೇಲೆ ಒಂದೇ ಸಾಲಾಗಿ ಜೋಡಿಸಿ, ಬರಿದಾದುವನ್ನು ಕಳೆದು, ಉಳಿದ ಸಾಲಿನ ಉದ್ದವನ್ನು ಅಳೆದು, ಅಷ್ಟಕ್ಕೇ ಹಲಗೆ ಮಾಡಿಸಿರಿ.